ಅಪ್ಪನ ಏಟು, ದೊಡ್ಡಮ್ಮನ ಗುಡಿಸಲು

ಪ್ರಶ್ನೆ: ನಮ್ಮದು ಆರೇಳು ಜನರ ಸಣ್ಣ ಓದುಗರ ಗುಂಪು. ಈ ವರ್ಷ ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’, ಆಮೇಲೆ ಚಿಮಮಾಂಡಾ ಅಡೀಚಿಯ ‘ಪರ್ಪಲ್ ಹೈಬಿಸ್ಕಸ್’ ಓದಿದೆವು. ಎರಡರಲ್ಲೂ ಅಪ್ಪ ಹೊಡೆಯುತ್ತಾನೆ, ಅಮ್ಮ ಸುಮ್ಮನಿರುತ್ತಾಳೆ, ಮಕ್ಕಳು ನಡುಗುತ್ತಾರೆ. ಆಫ್ರಿಕಾದಲ್ಲಿ ಮಕ್ಕಳನ್ನು ಬೆಳೆಸುವುದೇ ಹೀಗಾ, ಅಥವಾ ಕಾದಂಬರಿಕಾರರು ಅದನ್ನೇ ಆರಿಸಿ ಬರೆಯುತ್ತಾರಾ? ಇದಾದ ಮೇಲೆ ಏನು ಓದಬಹುದು?

ಉತ್ತರ: ಮೊದಲಿಗೆ ಒಂದು ಸಣ್ಣ ತಕರಾರು. ಆಫ್ರಿಕಾದಲ್ಲಿ 54 ದೇಶಗಳಿವೆ. ನೀವು ಓದಿರುವ ಎರಡೂ ಪುಸ್ತಕಗಳು ಒಂದೇ ದೇಶದ ಒಂದೇ ಮೂಲೆಯವು, ನೈಜೀರಿಯಾದ ಆಗ್ನೇಯ ಭಾಗದ ಇಗ್ಬೊ ಜನರವು. ತೀರ್ಥಹಳ್ಳಿ ಸೀಮೆಯ ಎರಡು ಕಾದಂಬರಿ ಓದಿದ ಯಾರೋ ‘ಏಷ್ಯಾದ ಅಪ್ಪಂದಿರೆಲ್ಲ ಹೀಗೇನಾ’ ಅಂತ ಕೇಳಿದರೆ ನಮಗೆ ನಗು ಬರುತ್ತದೆ, ಅಲ್ವಾ?

ಆದರೂ ಪ್ರಶ್ನೆ ಒಳ್ಳೆಯದೇ. ಏಟು ಇದೆ, ಜಾಸ್ತಿಯೇ ಇದೆ. ಈ ಪುಸ್ತಕಗಳನ್ನು ಪಾಠ ಮಾಡುವಾಗ ನಾನು ಹುಡುಗರಿಗೆ ಹೇಳುವುದು ಒಂದೇ ಮಾತು. ಹೊಡೆಯುವ ಕೈಯನ್ನೇ ನೋಡುತ್ತಾ ಕೂರಬೇಡಿ, ಆ ಮನೆಗೆ ಎಷ್ಟು ಬಾಗಿಲು ಅಂತ ಎಣಿಸಿ. ಏಟು ತಿಂದ ಮಗು ಎದ್ದು ಎಲ್ಲಿಗೆ ಓಡುತ್ತದೆ? ಹೋಗಿ ಕೂರಲು ಇನ್ನೊಂದು ಒಲೆಯ ಪಕ್ಕ ಜಾಗ ಇದೆಯಾ? ಈ ಕಾದಂಬರಿಗಳಲ್ಲಿ ಮಕ್ಕಳ ಹಣೆಬರಹ ಬಹಳ ಸಲ ಅಲ್ಲೇ ತೀರ್ಮಾನವಾಗುತ್ತದೆ.

ಅಚೆಬೆಯ ಪುಸ್ತಕದಿಂದಲೇ ಶುರು ಮಾಡೋಣ. ಅದು ಬಂದದ್ದು 1958ರಲ್ಲಿ. ಕಥಾನಾಯಕ ಒಕೊಂಕ್ವೊನ ಹಟ್ಟಿಯಲ್ಲಿ ಅವನದ್ದೊಂದು ಗುಡಿಸಲು, ಮೂರು ಹೆಂಡತಿಯರಿಗೆ ಮೂರು ಬೇರೆ ಗುಡಿಸಲು. ಒಂದು ದೃಶ್ಯ ನೆನಪಿಸಿಕೊಳ್ಳಿ. ಅದು ಶಾಂತಿ ವಾರ, ಯಾರೂ ಯಾರ ಮೇಲೂ ಕೈ ಎತ್ತಬಾರದ ದಿನಗಳು. ಕಿರಿಯ ಹೆಂಡತಿ ಒಜಿಯುಗೊ ಜಡೆ ಹಾಕಿಸಿಕೊಳ್ಳಲು ಗೆಳತಿಯ ಮನೆಗೆ ಹೋದವಳು ಅಡುಗೆ ಹೊತ್ತಿಗೆ ಬರುವುದಿಲ್ಲ. ಒಕೊಂಕ್ವೊ ಕುದಿಯುತ್ತಾನೆ. ಮಕ್ಕಳೆಲ್ಲಿ ಅಂತ ಕೇಳುತ್ತಾನೆ. ಮಕ್ಕಳು ದೊಡ್ಡ ಹೆಂಡತಿಯ ಗುಡಿಸಲಿನಲ್ಲಿ ಊಟ ಮಾಡುತ್ತಾ ಕೂತಿದ್ದಾರೆ. ‘ಊಟ ಹಾಕು ಅಂತ ನಿನಗೆ ಹೇಳಿ ಹೋದಳಾ?’ ಅಂತ ಕೇಳಿದಾಗ ದೊಡ್ಡವಳು ‘ಹೌದು’ ಅನ್ನುತ್ತಾಳೆ. ಅದು ಸುಳ್ಳು. ಸವತಿಯ ತಪ್ಪನ್ನು ಸ್ವಲ್ಪ ಸಣ್ಣದು ಮಾಡಲು ಹೇಳಿದ ಸುಳ್ಳು. ಒಜಿಯುಗೊಗೆ ಏಟು ತಪ್ಪಲಿಲ್ಲ, ನಿಜ. ಆದರೆ ಆ ಮಧ್ಯಾಹ್ನ ಅವಳ ಮಕ್ಕಳು ಹಸಿದಿರಲಿಲ್ಲ.

ಅಂದ ಹಾಗೆ, ಆ ದೊಡ್ಡ ಹೆಂಡತಿಗೆ ಇಡೀ ಕಾದಂಬರಿಯಲ್ಲಿ ಹೆಸರಿಲ್ಲ. ಅವಳು ಬರೀ ‘ನ್ವೋಯೆಯ ತಾಯಿ’. ನಮ್ಮ ಹಳ್ಳಿಗಳಲ್ಲೂ ಹೆಂಗಸರನ್ನು ಮಕ್ಕಳ ಹೆಸರು ಹಿಡಿದೇ ಕರೆಯುತ್ತಿದ್ದರಲ್ಲ, ಹಾಗೆ. ಅಷ್ಟು ಮಕ್ಕಳ ಹೊಟ್ಟೆ ನೋಡಿಕೊಂಡವಳಿಗೆ ಹೆಸರಿಲ್ಲದಿರುವುದು ಅಚೆಬೆಯ ಮರೆವೋ ಜಾಣತನವೋ, ನಿಮ್ಮ ಗುಂಪಿನಲ್ಲಿ ಒಂದು ಸಂಜೆ ಜಗಳ ಆಡಬಹುದು.

‘ಅಮ್ಮ ಸುಮ್ಮನಿರುತ್ತಾಳೆ’ ಅಂದಿರಲ್ಲ, ಅದಕ್ಕೂ ಉತ್ತರ ಇದೇ ಹಟ್ಟಿಯಲ್ಲಿದೆ. ಎರಡನೇ ಹೆಂಡತಿ ಎಕ್ವೆಫಿ ಹತ್ತು ಹೆತ್ತವಳು. ಒಂಬತ್ತು ಮಕ್ಕಳು ಎಳವೆಯಲ್ಲೇ ತೀರಿಕೊಂಡವು. ಉಳಿದವಳು ಎಜಿನ್ಮಾ ಒಬ್ಬಳೇ. ಮಕ್ಕಳಿಗೆ ಮೊಟ್ಟೆ ಕೊಡಬಾರದು, ರುಚಿ ಹತ್ತಿದರೆ ಕದಿಯಲು ಕಲಿಯುತ್ತಾರೆ ಅನ್ನುವುದು ಆ ಊರಿನ ನಂಬಿಕೆ. ಮಗಳಿಗೆ ಮೊಟ್ಟೆ ಕೊಡುತ್ತಾಳೆ ಅಂತ ಗೊತ್ತಾದಾಗ ಒಕೊಂಕ್ವೊ ‘ಇನ್ನೊಮ್ಮೆ ಕೊಟ್ಟರೆ ನೋಡು’ ಅಂತ ಗದರಿಸುತ್ತಾನೆ. ಆಮೇಲೆ ತಾಯಿ ಮಗಳು ಏನು ಮಾಡುತ್ತಾರೆ? ಒಳಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಮೊಟ್ಟೆ ತಿನ್ನುತ್ತಾರೆ. ಮಗಳು ಅವಳನ್ನು ಅಮ್ಮ ಅಂತ ಕರೆಯುವುದೂ ಇಲ್ಲ, ಗೆಳತಿಯ ಹಾಗೆ ‘ಎಕ್ವೆಫಿ’ ಅನ್ನುತ್ತಾಳೆ. ಇದನ್ನು ಸುಮ್ಮನಿರುವುದು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆ ಒಂಬತ್ತು ಮಕ್ಕಳ ವಿಷಯಕ್ಕೆ ಇನ್ನೊಂದು ನಿಮಿಷ ಕೊಡಿ. ಸತ್ತು ಸತ್ತು ಅದೇ ತಾಯಿಯ ಹೊಟ್ಟೆಗೆ ಮತ್ತೆ ಬಂದು ಕಾಡುವ ಮಗುವನ್ನು ಇಗ್ಬೊ ಜನ ‘ಒಗ್ಬಾಂಜೆ’ ಅನ್ನುತ್ತಾರೆ, ಪಕ್ಕದ ಯೊರುಬಾ ಜನ ‘ಅಬಿಕು’ ಅನ್ನುತ್ತಾರೆ. ಎಕ್ವೆಫಿ ತನ್ನ ಮಕ್ಕಳಿಗೆ ಇಡುತ್ತಾ ಹೋದ ಹೆಸರುಗಳನ್ನು ನೋಡಿ. ಒಂದಕ್ಕೆ ಒನ್ವುಂಬಿಕೊ, ‘ಸಾವೇ, ನಿನ್ನ ಕಾಲಿಗೆ ಬೀಳುತ್ತೇನೆ’ ಅಂತ. ಇನ್ನೊಂದಕ್ಕೆ ಒಜೊಎಮೆನಾ, ‘ಇನ್ನೊಮ್ಮೆ ಹೀಗಾಗದಿರಲಿ’. ಅದೂ ಉಳಿಯಲಿಲ್ಲ. ಆಮೇಲೆ ಮತ್ತೊಂದಕ್ಕೆ ಒನ್ವುಮಾ, ‘ಸಾವೇ, ನಿನ್ನಿಷ್ಟ’. ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ಸಾವಿಗೆ ಅಸಹ್ಯವಾಗಿ ಬಿಟ್ಟು ಹೋಗಲಿ ಅಂತ. ನಾವು ಸಾವಿಗೆ ಮೋಸ ಮಾಡಲು ನೋಡಿದೆವು, ಎಕ್ವೆಫಿ ಅದರ ಜೊತೆ ಮಾತಿಗೆ ನಿಂತಳು. ಇದೇ ಎಳೆಯನ್ನು ಅಯೊಬಾಮಿ ಅಡೆಬಾಯೊ 2017ರ ‘ಸ್ಟೇ ವಿತ್ ಮಿ’ ಕಾದಂಬರಿಯಲ್ಲಿ ಮತ್ತೆ ಹಿಡಿಯುತ್ತಾರೆ. ಅಲ್ಲಿ ಕಾಡುವ ಅಬಿಕುವಿಗೆ ವೈದ್ಯರು ಕೊಡುವ ಹೆಸರು ಸಿಕಲ್ ಸೆಲ್ ಕಾಯಿಲೆ. ತಂದೆ ತಾಯಿ ಇಬ್ಬರಲ್ಲೂ ಆ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಕಾಯಿಲೆಗೆ ಹೆಸರು ಸಿಕ್ಕಿದರೂ ತಾಯಿಯ ಭಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಭಯ ಅಂದೆ. ಒಕೊಂಕ್ವೊನ ಕೈಗೆ ಬಲ ಕೊಡುವುದೂ ಅದೇ. ಅವನ ಅಪ್ಪ ಉನೊಕಾ ಕೊಳಲು ಊದುತ್ತಾ, ಸಾಲ ಮಾಡುತ್ತಾ ಬದುಕಿದವನು. ಮಗ ನ್ವೋಯೆಯಲ್ಲಿ ಅದೇ ಮೃದುತನ ಕಂಡಾಗಲೆಲ್ಲ ಒಕೊಂಕ್ವೊ ಹೊಡೆಯುವುದು ಮಗನನ್ನಲ್ಲ, ತನ್ನ ಅಪ್ಪನನ್ನು. ಇದನ್ನು ಎಲ್ಲ ಗೈಡುಗಳೂ ಹೇಳುತ್ತವೆ, ನಾನು ಎಳೆಯುವುದಿಲ್ಲ.

ಹಾಗಂತ ‘ಒಟ್ಟು ಕುಟುಂಬ ಒಳ್ಳೆಯದು’ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ‘ಒಂದು ಮಗುವನ್ನು ಬೆಳೆಸಲು ಇಡೀ ಊರು ಬೇಕು’ ಅನ್ನುವ ಮಾತನ್ನು ಆಫ್ರಿಕಾದ ಗಾದೆ ಅಂತ ಶಾಲೆಯ ಗೋಡೆಗಳ ಮೇಲೆ ಬರೆದಿರುತ್ತಾರೆ. ಅಚೆಬೆ ಓದಿದವರಿಗೆ ಅದನ್ನು ನೋಡಿದರೆ ಕಸಿವಿಸಿಯಾಗುತ್ತದೆ. ಇಕೆಮೆಫುನಾನನ್ನು ಬೆಳೆಸಿದ್ದೂ ಊರೇ, ಕೊಂದಿದ್ದೂ ಊರೇ. ಬೇರೆ ಹಳ್ಳಿಯಿಂದ ದಂಡವಾಗಿ ಬಂದ ಹುಡುಗ ಅವನು. ಮೂರು ವರ್ಷ ನ್ವೋಯೆಯ ತಾಯಿ ಅನ್ನ ಹಾಕುತ್ತಾಳೆ. ನ್ವೋಯೆ ಅವನನ್ನು ಅಣ್ಣನ ಹಾಗೆ ಹಚ್ಚಿಕೊಳ್ಳುತ್ತಾನೆ. ಒಕೊಂಕ್ವೊಗೂ ಅವನ ಮೇಲೆ ಒಳಗೊಳಗೇ ಪ್ರೀತಿ. ಸಭೆಗೆ ಹೋಗುವಾಗ ಮಗನ ಹಾಗೆ ತನ್ನ ಪೀಠ, ಚರ್ಮದ ಚೀಲ ಹೊರಿಸಿಕೊಂಡು ಕರೆದೊಯ್ಯುತ್ತಾನೆ. ಆಮೇಲೆ ಹುಡುಗನನ್ನು ಕೊಲ್ಲಬೇಕು ಅಂತ ದೇವವಾಣಿ ಬರುತ್ತದೆ. ಊರಿನ ಹಿರಿಯ ಎಜೆಯುಡು ಬಂದು ‘ಆ ಹುಡುಗ ನಿನ್ನನ್ನು ಅಪ್ಪ ಅನ್ನುತ್ತಾನೆ, ನೀನು ಕೈ ಹಾಕಬೇಡ’ ಅಂತ ಎಚ್ಚರಿಸುತ್ತಾನೆ. ಒಕೊಂಕ್ವೊ ಕೇಳುವುದಿಲ್ಲ. ಹೇಡಿ ಅನ್ನಿಸಿಕೊಳ್ಳುವ ಭಯ. ಕೊಂದು ಬಂದ ಮೇಲೆ ಎರಡು ದಿನ ಅನ್ನ ಮುಟ್ಟುವುದಿಲ್ಲ. ಮೂರನೆಯ ದಿನ ತಟ್ಟೆ ಮುಂದಿಟ್ಟು ‘ಎರಡು ದಿನದಿಂದ ತಿಂದಿಲ್ಲ ನೀನು, ಇದನ್ನು ಪೂರ್ತಿ ತಿನ್ನಬೇಕು’ ಅಂತ ಗದರಿಸುವವಳು ಎಜಿನ್ಮಾ, ಆ ಪುಟ್ಟ ಹುಡುಗಿ. ಮನೆಯಲ್ಲಿ ಅಪ್ಪನನ್ನು ಗದರಿಸಬಲ್ಲವಳು ಅವಳೊಬ್ಬಳೇ.

ಅದೇ ಪುಸ್ತಕದ ದೊಡ್ಡ ಬಾಗಿಲು ಬರುವುದು ಎರಡನೇ ಭಾಗದಲ್ಲಿ. ಒಕೊಂಕ್ವೊ ಏಳು ವರ್ಷ ಗಡೀಪಾರಾಗಿ ತಾಯಿಯ ತವರಿಗೆ ಬರುತ್ತಾನೆ. ಸೋದರಮಾವ ಉಚೆಂಡು ಎಲ್ಲರನ್ನೂ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳುತ್ತಾನೆ. ಮಕ್ಕಳು ಅಪ್ಪನಿಗೆ ಸೇರಿದವರು ಅನ್ನುತ್ತೇವೆ, ಮತ್ತೆ ನಮ್ಮ ಹೆಣ್ಣುಮಕ್ಕಳಿಗೆ ‘ನ್ನೆಕಾ’, ಅಂದರೆ ‘ತಾಯಿಯೇ ದೊಡ್ಡವಳು’ ಅಂತ ಯಾಕೆ ಹೆಸರಿಡುತ್ತೇವೆ? ಉತ್ತರವನ್ನೂ ಅವನೇ ಕೊಡುತ್ತಾನೆ. ಅಪ್ಪ ಹೊಡೆದಾಗ ಮಗು ಓಡುವುದು ತಾಯಿಯ ಗುಡಿಸಲಿಗೆ. ಬದುಕು ಸರಿಯಿದ್ದಾಗ ಗಂಡಸಿಗೆ ಅಪ್ಪನ ಊರು, ದುಃಖ ಬಂದಾಗ ತಾಯಿಯ ಊರು. ತವರು ಅನ್ನುವ ಪದದ ಅರ್ಥ ಗೊತ್ತಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ. ನಮ್ಮಲ್ಲಿ ತವರು ಹೆಂಗಸರದ್ದು, ಇಲ್ಲಿ ಗಡ್ಡ ಬಂದ ಗಂಡಸೊಬ್ಬ ತಾಯಿಯ ತವರಿಗೆ ಬಂದು ಕೂತಿದ್ದಾನೆ. ಮಾತು ಮುಗಿಸುವ ಮುಂಚೆ ಉಚೆಂಡು ತಾನು ಮಣ್ಣು ಮಾಡಿದ ಮಕ್ಕಳ ಲೆಕ್ಕ ಹೇಳುತ್ತಾನೆ. 22.

ಈಗ ಹಳ್ಳಿ ಬಿಟ್ಟು ಲಾಗೋಸ್‌ಗೆ ಬನ್ನಿ. ಬುಚಿ ಎಮೆಚೆಟಾ 1979ರಲ್ಲಿ ಬರೆದ ‘ದಿ ಜಾಯ್ಸ್ ಆಫ್ ಮದರ್‌ಹುಡ್’ ನಿಮ್ಮ ಮುಂದಿನ ಪುಸ್ತಕವಾಗಲಿ. ಶುರುವಾಗುವುದು 1934ರಲ್ಲಿ. ನ್ನು ಎಗೊ ಅನ್ನುವ ಹೆಂಗಸು ಚಾಪೆಯ ಮೇಲೆ ಮಗು ಸತ್ತಿರುವುದನ್ನು ನೋಡಿ ಕಾರ್ಟರ್ ಸೇತುವೆಯಿಂದ ಹಾರಿಕೊಳ್ಳಲು ಓಡುತ್ತಿದ್ದಾಳೆ. ಗಂಡ ನಾಯ್ಫೆ ಬಿಳಿಯರ ಮನೆಯಲ್ಲಿ ಬಟ್ಟೆ ಒಗೆಯುವವನು. ಇಬ್ಬರಿಗೂ ಸೇರಿ ಒಂದೇ ಕೋಣೆ. ಮುಂದೆ ಅಣ್ಣ ತೀರಿಕೊಂಡಾಗ ಪದ್ಧತಿಯಂತೆ ಅಣ್ಣನ ಹೆಂಡತಿ ಅಡಾಕು ನಾಯ್ಫೆಯ ಪಾಲಿಗೆ ಬರುತ್ತಾಳೆ. ಹಳ್ಳಿಯಲ್ಲಾಗಿದ್ದರೆ ಅವಳಿಗೆ ಇನ್ನೊಂದು ಗುಡಿಸಲು, ಮಕ್ಕಳಿಗೆ ಇನ್ನೊಂದು ಒಲೆ. ಇಲ್ಲಿ ಅದೇ ಕೋಣೆಯಲ್ಲಿ ಇನ್ನೊಂದು ಚಾಪೆ. ಬಾಗಿಲಿಗೆ ಬಾಗಿಲು ಸೇರುತ್ತಿದ್ದ ಪದ್ಧತಿ ಪಟ್ಟಣಕ್ಕೆ ಬಂದು ಜನಕ್ಕೆ ಜನ ಸೇರಿಸಿತು, ಅಷ್ಟೇ.

ನ್ನು ಎಗೊ ಸೌದೆ ಮಾರಿ, ಸಿಗರೇಟು ಮಾರಿ ಗಂಡುಮಕ್ಕಳನ್ನು ಓದಿಸುತ್ತಾಳೆ. ಪುಸ್ತಕದಲ್ಲಿ ಒಂದು ಕೋರ್ಟಿನ ದೃಶ್ಯವಿದೆ. ಮಗಳು ಯೊರುಬಾ ಹುಡುಗನ ಜೊತೆ ಹೋದಳು ಅಂತ ನಾಯ್ಫೆ ಮಚ್ಚು ಹಿಡಿದು ಅವರ ಮನೆಗೆ ನುಗ್ಗಿದ ಕೇಸು. ಮಕ್ಕಳ ಫೀಸು ಕಟ್ಟುವವರು ಯಾರು ಅಂತ ವಕೀಲ ಕೇಳುತ್ತಾನೆ. ಸಾಕ್ಷಿ ಹೇಳಲು ನಿಂತ ನ್ನು ಎಗೊ ‘ನಾಯ್ಫೆ’ ಅನ್ನುತ್ತಾಳೆ. ದುಡ್ಡು ನಿಮ್ಮದಲ್ಲವಾ ಅಂತ ಮತ್ತೆ ಕೇಳಿದರೆ, ನಾನು ಕಟ್ಟುವುದು ನಿಜ, ಆದರೆ ನಾನೇ ಅವನ ಸೊತ್ತು, ಹಾಗಾಗಿ ಅವನೇ ಕಟ್ಟಿದ ಹಾಗೆ ಅನ್ನುತ್ತಾಳೆ. ಕೋರ್ಟು ನಗುತ್ತದೆ. ಅವಳಿಗೆ ಯಾಕೆ ನಗುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ನಾನು ಈ ಪುಟ ಎಷ್ಟು ಸಲ ಓದಿದ್ದೇನೋ, ಇವತ್ತಿಗೂ ಇಲ್ಲಿ ನಿಲ್ಲುತ್ತೇನೆ.

ಕೊನೆಗೆ ಒಬ್ಬ ಮಗ ಅಮೆರಿಕದಲ್ಲಿ, ಇನ್ನೊಬ್ಬ ಕೆನಡಾದಲ್ಲಿ. ತಾಯಿ ಊರಿನ ದಾರಿ ಬದಿಯಲ್ಲಿ ಒಬ್ಬಳೇ ಸಾಯುತ್ತಾಳೆ. ಕೈ ಹಿಡಿಯಲು ಮಕ್ಕಳಿಲ್ಲ, ಮಾತಾಡಲು ಗೆಳತಿಯರೂ ಇಲ್ಲ, ಯಾಕೆಂದರೆ ಮಕ್ಕಳನ್ನು ಬೆಳೆಸುವ ಗಡಿಬಿಡಿಯಲ್ಲಿ ಗೆಳೆತನ ಮಾಡಲು ಅವಳಿಗೆ ಪುರುಸೊತ್ತೇ ಆಗಿರಲಿಲ್ಲ. ಮಕ್ಕಳು ವಿಮಾನ ಹತ್ತಿ ಬಂದು ಭರ್ಜರಿ ತಿಥಿ ಮಾಡುತ್ತಾರೆ. ಅವಳ ಹೆಸರಲ್ಲಿ ಗುಡಿಯನ್ನೂ ಕಟ್ಟುತ್ತಾರೆ, ಬಂಜೆಯರು ಬಂದು ಬೇಡಿಕೊಳ್ಳಲಿ ಅಂತ. ಆದರೆ ಅವಳು ಯಾರಿಗೂ ಮಕ್ಕಳ ವರ ಕೊಡುವುದಿಲ್ಲ. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿ, ನಡುವೆ ವಿಡಿಯೊ ಕಾಲ್. ಇದನ್ನು ನಿಮ್ಮ ಗುಂಪಿನಲ್ಲಿ ಓದುವಾಗ ಯಾರಾದರೂ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರೆ ಆಶ್ಚರ್ಯಪಡಬೇಡಿ. ಎಮೆಚೆಟಾ 22ನೇ ವಯಸ್ಸಿಗೆ ಐದು ಮಕ್ಕಳ ತಾಯಿ, ಲಂಡನ್ನಿನಲ್ಲಿ ಗಂಡನನ್ನು ಬಿಟ್ಟು ಮಕ್ಕಳನ್ನು ಒಬ್ಬರೇ ಸಾಕಿದವರು. ಪುಸ್ತಕದ ಹೆಸರನ್ನು ಅವರು ಎತ್ತಿಕೊಂಡದ್ದು ಫ್ಲೋರಾ ನ್ವಾಪಾರ 1966ರ ‘ಎಫುರು’ ಕಾದಂಬರಿಯ ಕೊನೆಯ ಸಾಲುಗಳಿಂದ. ಅಲ್ಲಿ ಕೆರೆಯ ದೇವತೆಗೆ ಎಲ್ಲ ಇದೆ, ತಾಯ್ತನದ ಸುಖ ಒಂದನ್ನು ಬಿಟ್ಟು. ಮತ್ತೆ ಹೆಂಗಸರು ಅವಳನ್ನು ಯಾಕೆ ಪೂಜಿಸುತ್ತಾರೆ ಅನ್ನುವ ಪ್ರಶ್ನೆಯಲ್ಲೇ ಆ ಕಥೆ ನಿಲ್ಲುತ್ತದೆ.

ಇನ್ನು ನಿಮ್ಮ ‘ಪರ್ಪಲ್ ಹೈಬಿಸ್ಕಸ್’. ಅದು 2003ರದ್ದು. ಎನುಗು ಪಟ್ಟಣದಲ್ಲಿ ಅಪ್ಪ ಯೂಜೀನ್‌ನ ಮನೆಯಲ್ಲಿ ಕೋಣೆಗಳಿಗೇನೂ ಕಡಿಮೆ ಇಲ್ಲ. ಆದರೆ ಕಾಂಪೌಂಡ್ ಗೋಡೆ ಎಷ್ಟು ಎತ್ತರ ಅಂದರೆ ಬೀದಿಯಲ್ಲಿ ಹೋಗುವ ಕಾರು ಒಳಗಿನ ಮಕ್ಕಳಿಗೆ ಕಾಣುವುದಿಲ್ಲ. ಗೋಡೆಯ ಮೇಲೆ ಕರೆಂಟಿನ ತಂತಿ. ಒಳಗೆ ಮಕ್ಕಳ ಕೋಣೆಯ ಗೋಡೆಯ ಮೇಲೆ ಟೈಮ್‌ಟೇಬಲ್. ಸ್ವಂತ ಅಜ್ಜನ ಮನೆಯಲ್ಲಿ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೂರುವ ಹಾಗಿಲ್ಲ, ಅಜ್ಜ ಕ್ರೈಸ್ತನಲ್ಲ ಅಂತ. ಒಕೊಂಕ್ವೊನ ಹಟ್ಟಿಯಲ್ಲಿದ್ದ ಒಂದೊಂದೇ ಬಾಗಿಲನ್ನು ಈ ಅಪ್ಪ ಮುಚ್ಚಿಸಿದ್ದಾನೆ.

ಅವನು ರಾಕ್ಷಸ ಅಂತ ಓದುವುದು ಸುಲಭ. ಆದರೆ ಮಗಳು ಕಂಬಿಲಿ ತರಗತಿಗೆ ಎರಡನೆಯವಳಾಗಿ ಬಂದಾಗ ಅವನು ಶಾಲೆಗೇ ಹೋಗಿ, ಮೊದಲು ಬಂದ ಹುಡುಗಿಗೆ ಎಷ್ಟು ತಲೆ ಅಂತ ಕೇಳುತ್ತಾನೆ. ಒಂದು. ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ಮುಂದೆ ಹಿಡಿಯುತ್ತಾನೆ. ನಿನಗೆ ಎಷ್ಟು ತಲೆ? ಈ ಪುಟ ಓದಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ‘ಮೇಡಂ, ಇದು ನಮ್ಮಪ್ಪನ ಡೈಲಾಗ್’ ಅಂದಿದ್ದ. ‘ಅವನಿಗೇನು ಎರಡು ಕೊಂಬಿದೆಯಾ’ ಅಂತ ಕೇಳಿಸಿಕೊಳ್ಳದೆ ಎಸ್‌ಎಸ್‌ಎಲ್‌ಸಿ ಮುಗಿಸಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ.

ಸ್ನಾನದ ತೊಟ್ಟಿಯಲ್ಲಿ ನಿಲ್ಲಿಸಿ ಮಗಳ ಕಾಲಿಗೆ ಕುದಿಯುವ ನೀರು ಹೊಯ್ಯುವ ದೃಶ್ಯ ನಿಮಗೆ ಮರೆತಿರಲಾರದು. ಹೊಯ್ಯುವಾಗ ಅವನೂ ಅಳುತ್ತಿರುತ್ತಾನೆ. ಆಮೇಲೆ ಒಂದು ದಿನ ಅವನೇ ಹೇಳುತ್ತಾನೆ, ತಾನು ಹುಡುಗನಾಗಿದ್ದಾಗ ಮಿಷನ್ನಿನ ಪಾದ್ರಿ ತನ್ನ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿಸಿದ್ದರು, ಅದು ನನ್ನ ಒಳ್ಳೆಯದಕ್ಕೇ ಅಂತ. ಇಲ್ಲಿ ನಿಮ್ಮ ಪ್ರಶ್ನೆಗೆ ಒಂದು ನೇರ ಉತ್ತರವಿದೆ. ‘ಅಲ್ಲಿನ ಸಂಸ್ಕೃತಿ’ ಅಂತ ನಾವು ಅಂದುಕೊಳ್ಳುವ ಈ ಶಿಕ್ಷೆಯನ್ನು ಅವನು ಕಲಿತದ್ದು ಬಿಳಿ ಪಾದ್ರಿಯಿಂದ. ಅವನ ಸ್ವಂತ ಅಪ್ಪ, ಆ ‘ಅನ್ಯಧರ್ಮದ’ ಮುದುಕ, ಇಡೀ ಪುಸ್ತಕದಲ್ಲಿ ಎಲ್ಲರಿಗಿಂತ ಮೆತ್ತಗಿನ ಮನುಷ್ಯ.

ಬಾಗಿಲು ತೆರೆಯುವವಳು ಮಕ್ಕಳ ಸೋದರತ್ತೆ ಇಫೆಯೋಮಾ. ವಿಧವೆ, ನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಮೇಷ್ಟರು, ಮೂರು ಮಕ್ಕಳು. ಪೆಟ್ರೋಲಿಗೆ ದುಡ್ಡಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಮನೆ ತುಂಬ ನಗು. ಅಣ್ಣ ಕಳಿಸಿದ ಟೈಮ್‌ಟೇಬಲನ್ನು ಮಕ್ಕಳ ಕೈಯಿಂದ ಇಸಿದುಕೊಂಡು ಎತ್ತಿಡುತ್ತಾಳೆ. ಸೊಪ್ಪು ಬಿಡಿಸಲು ಬಾರದ ಕಂಬಿಲಿಯನ್ನು ಮಗಳು ಅಮಾಕಾ ಹಂಗಿಸಿದಾಗ ಇಫೆಯೋಮಾ ಮಗಳನ್ನು ಬೈಯುವುದಿಲ್ಲ. ಕಂಬಿಲಿಗೇ ‘ನಿನಗೆ ಬಾಯಿ ಇಲ್ವಾ? ತಿರುಗಿಸಿ ಮಾತಾಡು’ ಅನ್ನುತ್ತಾಳೆ. ಕಂಬಿಲಿ ಮೊದಲ ಸಲ ದನಿ ಎತ್ತುತ್ತಾಳೆ: ನೀನು ಕಿರುಚಬೇಕಾಗಿಲ್ಲ, ನನಗೆ ಬರುವುದಿಲ್ಲ, ತೋರಿಸಿಕೊಡು. ಅಮಾಕಾ ನಗುತ್ತಾಳೆ. ಇಫೆಯೋಮಾ ಕೂಡ ಕಟ್ಟುನಿಟ್ಟಿನವಳೇ, ತನ್ನ ಮಕ್ಕಳು ಎತ್ತರ ಜಿಗಿಯಬೇಕು ಅಂತಲೇ ಅವಳಿಗೂ ಆಸೆ. ಅವಳ ಮಕ್ಕಳು ಜಿಗಿಯುವುದು ಆಗುತ್ತದೆ ಅನ್ನುವ ನಂಬಿಕೆಯಿಂದ, ಕಂಬಿಲಿ ಮತ್ತು ಅವಳ ಅಣ್ಣ ಜಾಜಾ ಜಿಗಿಯುತ್ತಿದ್ದದ್ದು ಆಗದಿದ್ದರೆ ಅನ್ನುವ ಹೆದರಿಕೆಯಿಂದ. ಈ ವ್ಯತ್ಯಾಸ ಕಂಬಿಲಿಗೇ ಹೊಳೆಯುತ್ತದೆ.

ಕಾದಂಬರಿಕಾರರು ಇದನ್ನೇ ಆರಿಸುತ್ತಾರಾ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು. ಮೊದಲು ಬರೆದವರು ಗಂಡುಮಕ್ಕಳು, ಅದರಲ್ಲೂ ಮಿಷನ್ ಶಾಲೆ ಹತ್ತಿದವರು. ಅಚೆಬೆಯ ತಂದೆಯೇ ಕ್ರೈಸ್ತರಾಗಿ ಮಿಷನ್ನಿಗೆ ದುಡಿದವರು, ಅಂದರೆ ಕಾದಂಬರಿಯಲ್ಲಿ ಮುಂದೆ ಕ್ರೈಸ್ತನಾಗುವ ನ್ವೋಯೆಯ ದಾರಿ ಹಿಡಿದವರು. ಶಾಲೆಗೆ ಹೋದ ಮಗ ಹಿಂತಿರುಗಿ ಅಪ್ಪನ ಕಡೆ ನೋಡುವುದು ಆ ಕಾಲದ ಕಥೆ. ಹಾಗಂತ ಎಲ್ಲ ಕಡೆಯೂ ಬರೀ ಏಟೇ ಅಂತಲ್ಲ. ಗಿನಿ ದೇಶದ ಕಮಾರಾ ಲಾಯೆ 1953ರಲ್ಲಿ ಫ್ರೆಂಚಿನಲ್ಲಿ ಬರೆದ ‘ಲಾಂಫಾಂ ನ್ವಾರ್’ನಲ್ಲಿ ಅಪ್ಪ ಅಕ್ಕಸಾಲಿಗ. ನೀನು ದಿನವೆಲ್ಲ ಶಾಲೆಯಲ್ಲಿರುತ್ತೀಯ, ನನ್ನ ಹತ್ತಿರ ಕೂರುವುದು ಕಡಿಮೆಯಾಯಿತು ಅಂತ ಮಗನ ಮುಂದೆ ಬೇಜಾರು ತೋಡಿಕೊಳ್ಳುವ ಅಪ್ಪ ಅವನು. ಕೀನ್ಯಾದ ಗೂಗಿಯ ‘ವೀಪ್ ನಾಟ್, ಚೈಲ್ಡ್’ (1964) ಶುರುವಾಗುವುದೇ ತಾಯಿ ಮಗನನ್ನು ಕರೆದು ‘ಶಾಲೆಗೆ ಹೋಗುತ್ತೀಯಾ’ ಅಂತ ಕೇಳುವಲ್ಲಿ. ಮಧ್ಯಾಹ್ನದ ಊಟ ಸಿಗುವುದಿಲ್ಲ, ಆಮೇಲೆ ಹೋಗಲ್ಲ ಅಂದು ನನ್ನ ಮಾನ ಕಳೆಯಬೇಡ, ಇಷ್ಟೇ ಅವಳ ಷರತ್ತು.

ಹೆಣ್ಣುಮಕ್ಕಳು ಬರೆಯಲು ಕೂತಾಗ ಬೇರೆ ಲೆಕ್ಕ ಹೊರಬಂತು. ಜಿಂಬಾಬ್ವೆಯ ತ್ಸಿತ್ಸಿ ದಂಗರೆಂಬ್ಗಾ 1988ರ ‘ನರ್ವಸ್ ಕಂಡಿಷನ್ಸ್’ ಶುರು ಮಾಡುವುದೇ ಅಣ್ಣ ಸತ್ತಾಗ ನನಗೆ ದುಃಖವಾಗಲಿಲ್ಲ ಅನ್ನುವ ತಂಗಿಯ ಮಾತಿನಿಂದ. ಪುಸ್ತಕ ಬೇಯಿಸಿ ಗಂಡನಿಗೆ ಬಡಿಸುತ್ತೀಯಾ ಅಂತ ಕೇಳುವ ಅಪ್ಪ. ಆ ತಂಗಿ, ತಂಬು, ತಾನೇ ಮೆಕ್ಕೆಜೋಳ ಬೆಳೆದು ಫೀಸಿಗೆ ದುಡ್ಡು ಹುಟ್ಟಿಸಿಕೊಂಡರೆ, ಅದೇ ಅಪ್ಪ ಹೆಡ್‌ಮಾಸ್ಟರ ಹತ್ತಿರ ಹೋಗಿ ‘ಮಗಳು ನನ್ನವಳು, ಅಂದ ಮೇಲೆ ದುಡ್ಡೂ ನನ್ನದು’ ಅನ್ನುತ್ತಾನೆ. ನ್ನು ಎಗೊ ಕೋರ್ಟಿನಲ್ಲಿ ಹೇಳಿದ್ದು ನೆನಪಾಯಿತಾ?

ಹಾಗಾಗಿ ಎಮೆಚೆಟಾ ಮೊದಲು, ಆಮೇಲೆ ದಂಗರೆಂಬ್ಗಾ. ಕೊನೆಗೆ ಸೆನೆಗಲ್‌ನ ಮರಿಯಾಮಾ ಬಾ ಬರೆದ ‘ಸೋ ಲಾಂಗ್ ಎ ಲೆಟರ್’ ಇಟ್ಟುಕೊಳ್ಳಿ. ಮೂಲ ಫ್ರೆಂಚ್, 1979ರದ್ದು, ಸುಮಾರು ನೂರು ಪುಟ. ಹನ್ನೆರಡು ಮಕ್ಕಳ ತಾಯಿ ರಮತುಲಾಯೆ. ಗಂಡ ಮಗಳ ಗೆಳತಿಯನ್ನೇ ಎರಡನೇ ಮದುವೆಯಾಗಿ ಆಮೇಲೆ ತೀರಿಕೊಂಡಿದ್ದಾನೆ. ಹೆಣ್ಣುಮಕ್ಕಳು ಸಿಗರೇಟು ಸೇದುವುದು ಕಣ್ಣಿಗೆ ಬಿದ್ದಾಗ, ಪ್ಯಾಂಟ್ ಹಾಕಲು ಬಿಟ್ಟದ್ದೇ ತಪ್ಪಾಯಿತೇನೋ ಅಂತ ತಲೆ ಕೆಡಿಸಿಕೊಳ್ಳುವಷ್ಟು ಸಾಮಾನ್ಯ ತಾಯಿ. ಅವಳ ಮಗಳೊಬ್ಬಳು ಮದುವೆಗೆ ಮುಂಚೆ ಬಸುರಿಯಾಗುತ್ತಾಳೆ. ಮೊದಲು ಪತ್ತೆ ಹಚ್ಚುವವಳು ಪಕ್ಕದ ಮನೆಯ ಫರ್ಮಾತಾ. ಈಗ ತಾಯಿ ಎದೆ ಬಡಿದುಕೊಂಡು ಅಳುತ್ತಾಳೆ, ಮಗಳನ್ನು ಹೊಡೆಯುತ್ತಾಳೆ ಅಂತ ಕಾದು ನಿಂತಿರುತ್ತಾಳೆ. ರಮತುಲಾಯೆಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಆಮೇಲೆ ಮಗಳನ್ನು ಬರಸೆಳೆದು ತಬ್ಬಿಕೊಳ್ಳುತ್ತಾಳೆ. ಫರ್ಮಾತಾಗೆ ಅದು ಅರಗುವುದೇ ಇಲ್ಲ.